ಪಿಕಪ್ ಬೆನ್ನೇರುವ ಮನೆ: ಟ್ರಕ್ ಕ್ಯಾಂಪರ್ ಏರಿಸುವ ಮುನ್ನ, ಏರಿಸುವಾಗ

ಉತ್ತರ ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸುವವರಿಗೆ ಟ್ರಕ್ ಕ್ಯಾಂಪರ್ ಅಪರಿಚಿತವಲ್ಲ. ಪಿಕಪ್ ವಾಹನದ ಹಿಂಬದಿಯಲ್ಲಿ ಬೆಡ್ ಎಂದು ಕರೆಯಲಾಗುವ ತೆರೆದ ತೊಟ್ಟಿಯೊಳಗೆ ಕುಳಿತು, ಕ್ಯಾಬಿನ್‌ನ ಮೇಲೂ ಚಾಚಿಕೊಂಡಿರುವ ಪುಟ್ಟ ಮನೆ ಇದು. ಮಲಗಲು ಮಂಚ, ಒಲೆ, ನೀರಿನ ತೊಟ್ಟಿ, ಹಲವು ಮಾದರಿಗಳಲ್ಲಿ ಶೌಚಾಲಯವೂ ಇರುತ್ತದೆ. ಪ್ರವಾಸ ಮುಗಿದ ಮೇಲೆ ಇದನ್ನು ಕೆಳಗಿಳಿಸಿ ಅಂಗಳದಲ್ಲಿ ನಿಲ್ಲಿಸಿದರೆ ಪಿಕಪ್ ಮತ್ತೆ ನಿತ್ಯದ ಕೆಲಸಕ್ಕೆ ಸಿದ್ಧ. ಈ ಅನುಕೂಲವೇ ಇದರ ಜನಪ್ರಿಯತೆಗೆ ಕಾರಣ.

ಆದರೆ ಒಂದು ಟನ್ನಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುವ ಈ ಮನೆಯನ್ನು ನಾಲ್ಕು ತೆಳು ಕಾಲುಗಳ ಮೇಲೆ ಎತ್ತಿ, ಅದರ ಅಡಿಗೆ ವಾಹನವನ್ನು ಹಿಮ್ಮುಖವಾಗಿ ತಂದು, ಅಂಗುಲಗಳ ಲೆಕ್ಕದಲ್ಲಿ ಕೂರಿಸಬೇಕಾಗುತ್ತದೆ. ಇಲ್ಲಿ ಎಡವಿದರೆ ಜಾಕ್ ಬಾಗಿ ಕ್ಯಾಂಪರ್ ಉರುಳಬಹುದು. ಏರಿಸುವಾಗ ಎಲ್ಲವೂ ಸರಿಯಾಗಿ ಕಂಡರೂ ತೂಕದ ಲೆಕ್ಕ ತಪ್ಪಿದ್ದರೆ ಹೆದ್ದಾರಿಯ ವೇಗದಲ್ಲಿ ಟೈರ್ ಸಿಡಿಯಬಹುದು. ಅಮೆರಿಕ, ಕೆನಡಾಗಳಲ್ಲಿ ನೆಲೆಸಿ, ರಜೆಯ ದಿನಗಳಲ್ಲಿ ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್‌ನಂತಹ ತಾಣಗಳಿಗೆ ರಸ್ತೆಯ ಮೂಲಕವೇ ತೆರಳುವ ಕನ್ನಡಿಗರಿಗೂ ಉಪಯುಕ್ತವಾಗಲೆಂದು ಈ ಕಾರ್ಯದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಟ್ರಕ್ ಕ್ಯಾಂಪರ್?

ಎಳೆದೊಯ್ಯುವ ಟ್ರೇಲರ್‌ಗೆ ತನ್ನದೇ ಚಕ್ರಗಳಿರುತ್ತವೆ. ತನ್ನ ತೂಕದ ಬಹುಭಾಗವನ್ನು ಅದೇ ಹೊರುತ್ತದೆ. ಟ್ರಕ್ ಕ್ಯಾಂಪರ್‌ಗೆ ಚಕ್ರವೂ ಇಲ್ಲ, ಆಕ್ಸಲ್ ಕೂಡ ಇಲ್ಲ. ಅದರ ಪೂರ್ಣ ಭಾರ ಪಿಕಪ್‌ನ ಮೇಲೆಯೇ ಬೀಳುತ್ತದೆ. ಒಂದು ವಾಹನ ಎಷ್ಟು ತೂಕವನ್ನು ಎಳೆಯಬಲ್ಲದು ಎಂಬ ಪ್ರಶ್ನೆಗೂ ಎಷ್ಟು ತೂಕವನ್ನು ಹೊರಬಲ್ಲದು ಎಂಬ ಪ್ರಶ್ನೆಗೂ ಅಜಗಜಾಂತರವಿದೆ. ಮೂರು ಟನ್ ಟ್ರೇಲರ್ ಅನ್ನು ಲೀಲಾಜಾಲವಾಗಿ ಎಳೆಯುವ ಪಿಕಪ್ ಒಂದು ಟನ್ ಕ್ಯಾಂಪರ್ ಹೊರಲು ಅಸಮರ್ಥವಾಗಿರಬಹುದು.

ಈ ವಾಹನಕ್ಕೆ ಸಾಹಿತ್ಯದ ನಂಟೂ ಉಂಟು. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತಮ್ಮ ನಾಯಿ ಚಾರ್ಲಿಯೊಂದಿಗೆ ದೇಶ ಸುತ್ತಿದ್ದು ಜಿಎಂಸಿ ಪಿಕಪ್ ಮೇಲೆ ಕೂರಿಸಿದ್ದ ಕ್ಯಾಂಪರ್‌ನಲ್ಲಿ. ಡಾನ್ ಕ್ವಿಕ್ಸೋಟ್‌ನ ಕುದುರೆಯ ನೆನಪಿಗೆ ಅದಕ್ಕೆ ‘ರೋಸಿನಾಂಟೆ’ ಎಂದು ಹೆಸರಿಟ್ಟಿದ್ದರು. ಆ ಪ್ರವಾಸದ ಕಥನ 1962ರಲ್ಲಿ ಪ್ರಕಟವಾಯಿತು. ವಾಹನವನ್ನು ಕ್ಯಾಲಿಫೋರ್ನಿಯಾದ ಸಲೀನಸ್‌ನಲ್ಲಿರುವ ರಾಷ್ಟ್ರೀಯ ಸ್ಟೈನ್‌ಬೆಕ್ ಕೇಂದ್ರದಲ್ಲಿ ಇರಿಸಲಾಗಿದೆ.

ಮೊದಲು ಓದಬೇಕಾದ ಎರಡು ಚೀಟಿಗಳು

ಕ್ಯಾಂಪರ್ ಏರಿಸುವ ಕೆಲಸ ಆರಂಭವಾಗುವುದು ಜಾಕ್‌ನಿಂದಲ್ಲ, ಚೀಟಿಯಿಂದ. ಪಿಕಪ್‌ನ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಟೈರ್ ಮತ್ತು ಭಾರದ ವಿವರಗಳುಳ್ಳ ಚೀಟಿ ಅಂಟಿಸಿರುವುದು ಕಾಣುತ್ತದೆ. ಪ್ರಯಾಣಿಕರು ಮತ್ತು ಸರಕಿನ ಒಟ್ಟು ತೂಕ ಎಷ್ಟನ್ನು ಮೀರಕೂಡದು ಎಂದು ಅದರಲ್ಲಿ ಮುದ್ರಿತವಾಗಿರುತ್ತದೆ. ಇದೇ ಆ ವಾಹನದ ಪೇಲೋಡ್, ಅಂದರೆ ಹೊರುವ ಮಿತಿ. ಮಾರಾಟದ ಕೈಪಿಡಿಗಳಲ್ಲಿ ಕಾಣುವ ಸಂಖ್ಯೆ ಆ ಮಾದರಿಯ ಗರಿಷ್ಠ ಸಾಮರ್ಥ್ಯದ್ದು. ಬಾಗಿಲ ಚೀಟಿಯ ಸಂಖ್ಯೆ ನಿಮ್ಮ ಕೈಯಲ್ಲಿರುವ ನಿರ್ದಿಷ್ಟ ವಾಹನದ್ದು. ಎರಡರ ನಡುವೆ ನೂರಾರು ಕಿಲೋ ವ್ಯತ್ಯಾಸವಿದ್ದರೂ ಅಚ್ಚರಿಯಿಲ್ಲ. ನಂಬಬೇಕಾದದ್ದು ಬಾಗಿಲ ಚೀಟಿಯನ್ನು.

ಎರಡನೆಯದು ಕ್ಯಾಂಪರ್‌ನ ಚೀಟಿ. ಅಮೆರಿಕದ ಒಕ್ಕೂಟ ಸರ್ಕಾರದ ನಿಯಮಾವಳಿಯ 49ನೇ ಸಂಪುಟದ 575.103ನೇ ನಿಯಮ ಟ್ರಕ್ ಕ್ಯಾಂಪರ್ ಹೇರುವ ವಿಷಯಕ್ಕೇ ಮೀಸಲಾಗಿದೆ. ನೀರು, ಅಡುಗೆ ಅನಿಲ ಮತ್ತು ನಿಗದಿತ ಸಲಕರಣೆಗಳೊಡನೆ ಕ್ಯಾಂಪರ್ ಎಷ್ಟು ತೂಗುತ್ತದೆ ಎಂಬುದನ್ನು ತಯಾರಕರು ಅದರ ಮೇಲೆಯೇ ನಮೂದಿಸಬೇಕೆಂದು ಈ ನಿಯಮ ವಿಧಿಸುತ್ತದೆ. ಕ್ಯಾಂಪರ್ ಹೊರಬಲ್ಲ ಪಿಕಪ್‌ಗಳ ತಯಾರಕರು ಸರಕಿನ ತೂಕದ ಮಿತಿಯನ್ನೂ, ಆ ಸರಕಿನ ಗುರುತ್ವ ಕೇಂದ್ರ ಬೆಡ್‌ನ ಯಾವ ವಲಯದೊಳಗೆ ಬರಬೇಕೆಂಬ ಚಿತ್ರವನ್ನೂ ಗ್ರಾಹಕರಿಗೆ ಒದಗಿಸಬೇಕು. ಜಾಹೀರಾತುಗಳಲ್ಲಿ ಎದ್ದು ಕಾಣುವ ‘ಒಣ ತೂಕ’ ಮಾತ್ರ ಖಾಲಿ ಕ್ಯಾಂಪರ್‌ನದು. ಖಾಲಿ ಮನೆಯನ್ನು ಹೊತ್ತು ಯಾರೂ ಪ್ರವಾಸ ಹೋಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಪಿಕಪ್‌ನ ಮಿತಿ 1,400 ಕಿಲೋ, ಕ್ಯಾಂಪರ್‌ನ ಒಣ ತೂಕ 1,000 ಕಿಲೋ ಎಂದಿಟ್ಟುಕೊಳ್ಳಿ. 400 ಕಿಲೋ ಮಿಗುತ್ತದೆ ಎಂದು ತೋರುವುದು ಸಹಜ. ಈಗ 30 ಗ್ಯಾಲನ್ ನೀರು ತುಂಬಿಸಿದರೆ ಸುಮಾರು 114 ಕಿಲೋ ಸೇರುತ್ತದೆ. ಅಲ್ಲಿ ಸಾಮಾನ್ಯವಾಗಿ ಬಳಸುವ 20 ಪೌಂಡ್ ಅಳತೆಯ ಎರಡು ಪ್ರೊಪೇನ್ ಸಿಲಿಂಡರ್‌ಗಳು ತುಂಬಿದಾಗ 34 ಕಿಲೋದಷ್ಟು ತೂಗುತ್ತವೆ. ಬ್ಯಾಟರಿ, ಹವಾನಿಯಂತ್ರಕ ಮೊದಲಾದ ಹೆಚ್ಚುವರಿ ಸಲಕರಣೆಗಳಿಗೆ 100 ಕಿಲೋ, ಪಾತ್ರೆ, ದಿನಸಿ, ಬಟ್ಟೆಬರೆಗೆ 150 ಕಿಲೋ ಹಿಡಿದರೆ ಮೊತ್ತ 1,398 ಕಿಲೋ. ಮಿತಿಯೊಳಗೇ ಇದೆ ಎಂದು ನಿಟ್ಟುಸಿರು ಬಿಡುವಂತಿಲ್ಲ. ಚಾಲಕ ಮತ್ತು ಜೊತೆಗಾರರು ಇನ್ನೂ ಹತ್ತಿಲ್ಲ! ಇಬ್ಬರ ತೂಕ 150 ಕಿಲೋ ಸೇರಿದಾಗ ಮೊತ್ತ 1,548 ಕಿಲೋ. ಮಿತಿಗಿಂತ 148 ಕಿಲೋ ಅಧಿಕ.

ಇಂತಹ ಸಂದರ್ಭದಲ್ಲಿ ಹಿಂಬದಿಗೆ ಹೆಚ್ಚುವರಿ ಸ್ಪ್ರಿಂಗ್ ಅಥವಾ ಗಾಳಿ ತುಂಬುವ ಸ್ಪ್ರಿಂಗ್ ಹಾಕಿಸಿಕೊಳ್ಳುವವರಿದ್ದಾರೆ. ವಾಹನದ ಹಿಂಭಾಗ ಕುಸಿಯದೆ ಸಮವಾಗಿ ನಿಲ್ಲಲು ಇವು ನೆರವಾಗುವುದು ನಿಜ. ಆದರೆ ತಯಾರಕರು ನಿಗದಿಪಡಿಸಿದ ಒಟ್ಟು ತೂಕದ ಮಿತಿ ಇದರಿಂದ ಹೆಚ್ಚುವುದಿಲ್ಲ. ಬ್ರೇಕ್, ಆಕ್ಸಲ್, ಟೈರ್ ಮೊದಲಿದ್ದಂತೆಯೇ ಇರುತ್ತವೆ ಎಂಬುದನ್ನು ಮರೆಯಬಾರದು. ಹಿಂಬದಿಯಲ್ಲಿ ನಾಲ್ಕು ಟೈರ್‌ಗಳಿರುವ ದೊಡ್ಡ ಪಿಕಪ್‌ಗಳನ್ನು ಭಾರೀ ಕ್ಯಾಂಪರ್‌ಗಳಿಗೆ ಬಳಸುವುದು ಈ ಕಾರಣಕ್ಕಾಗಿಯೇ. ಕೆಲವು ಸಣ್ಣ ಮಾದರಿಗಳ ಕೈಪಿಡಿಗಳಲ್ಲಿ ಕ್ಯಾಂಪರ್ ಹೊರಲು ಈ ವಾಹನ ತಕ್ಕದ್ದಲ್ಲ ಎಂದು ಸ್ಪಷ್ಟವಾಗಿಯೇ ಬರೆದಿರುತ್ತಾರೆ.

ಮುಂಭಾರ, ಹಿಂಭಾರ

ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಿಲ್ಲ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಹೆಚ್ಚಾದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಪಿಕಪ್‌ಗೂ ಇದೇ ನ್ಯಾಯ. ಕ್ಯಾಂಪರ್‌ನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಮುಂದಕ್ಕೆ ಬರುವಂತಿರಬೇಕು. ಅದು ಆಕ್ಸಲ್‌ನ ಹಿಂದಕ್ಕೆ ಸರಿದರೆ ಮುಂದಿನ ಚಕ್ರಗಳ ಮೇಲಿನ ಒತ್ತಡ ಕಡಿಮೆಯಾಗಿ ಸ್ಟಿಯರಿಂಗ್ ಹಗುರವಾಗುತ್ತದೆ, ಮುಂದಿನ ಬ್ರೇಕ್‌ಗಳ ಹಿಡಿತ ಕುಗ್ಗುತ್ತದೆ, ಹಿಂದಿನ ಟೈರ್‌ಗಳ ಮೇಲೆ ಕ್ಯಾಂಪರ್‌ನ ತೂಕಕ್ಕಿಂತ ಹೆಚ್ಚಿನ ಭಾರ ಬೀಳುತ್ತದೆ.

ಹಲವು ಕ್ಯಾಂಪರ್‌ಗಳ ಪಕ್ಕದ ಗೋಡೆಯ ಮೇಲೆ ಬಾಣದ ಗುರುತಿನ ಮೂಲಕ ಗುರುತ್ವ ಕೇಂದ್ರವನ್ನು ಸೂಚಿಸಿರುತ್ತಾರೆ. ಕ್ಯಾಂಪರ್ ಕೂರಿಸಿದ ಮೇಲೆ ಆ ಬಾಣ ಹಿಂದಿನ ಚಕ್ರದ ನಡುಬಿಂದುವಿಗಿಂತ ಮುಂದಿದೆಯೇ ಎಂದು ನೋಡುವುದು ಸುಲಭದ ಪರೀಕ್ಷೆ. ದೊಡ್ಡ ಪಿಕಪ್‌ಗಳ ಬೆಡ್ ಸ್ಥೂಲವಾಗಿ ಐದೂವರೆ, ಆರೂವರೆ ಮತ್ತು ಎಂಟು ಅಡಿ ಉದ್ದಗಳಲ್ಲಿ ದೊರೆಯುತ್ತದೆ. ಎಂಟು ಅಡಿ ಬೆಡ್‌ಗೆಂದು ತಯಾರಾದ ಕ್ಯಾಂಪರ್ ಅನ್ನು ಚಿಕ್ಕ ಬೆಡ್ ಮೇಲೆ ಕೂರಿಸಿದರೆ ಗುರುತ್ವ ಕೇಂದ್ರ ಹಿಂದಕ್ಕೆ ಜಾರುತ್ತದೆ. ಆದುದರಿಂದ ಕೊಳ್ಳುವ ಮೊದಲೇ ಬೆಡ್‌ನ ಉದ್ದ ಅಳೆಯುವುದು ಜಾಣತನ.

ಪೂರ್ವಸಿದ್ಧತೆ

ಜಾಗ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಕಾಂಕ್ರೀಟ್ ನೆಲ ಉತ್ತಮ. ಮಣ್ಣು ಅಥವಾ ಜಲ್ಲಿಯ ನೆಲವಾದರೆ ಜಾಕ್‌ನ ಪ್ರತಿ ಪಾದದ ಕೆಳಗೂ ದಪ್ಪ, ಅಗಲವಾದ ಹಲಗೆ ಇಡಬೇಕು. ಗಾಳಿ ಜೋರಾಗಿರುವ ದಿನ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಎತ್ತಿದ ಕ್ಯಾಂಪರ್‌ನ ಅಡಿಗೆ ಯಾವ ಕಾರಣಕ್ಕೂ ಯಾರೂ ಹೋಗಕೂಡದು. ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿರಿಸಬೇಕು. ಒಳಗೆ ಯಾರೂ ಇರಬಾರದು. ನೀರಿನ ತೊಟ್ಟಿಗಳು ಖಾಲಿಯಾಗಿರಲಿ. ತುಳುಕುವ ನೀರು ಜಾಕ್‌ಗಳ ಮೇಲೆ ಅನವಶ್ಯಕ ಭಾರ. ಹೊರಕ್ಕೆ ಸರಿಯುವ ಕೋಣೆಗಳಿದ್ದರೆ ಅವನ್ನು ಒಳಕ್ಕೆ ಎಳೆದು ಭದ್ರಪಡಿಸಬೇಕು.

ಪಿಕಪ್‌ನ ಹಿಂಬಾಗಿಲನ್ನು ಪೂರ್ತಿ ಕಳಚಿಡಬೇಕು. ಬೆಡ್ ಗುಡಿಸಿ, ಕಲ್ಲು, ಮೊಳೆಗಳಿಲ್ಲದಂತೆ ನೋಡಿಕೊಳ್ಳಬೇಕು. ನುಣುಪಾದ ಪ್ಲಾಸ್ಟಿಕ್ ಹೊದಿಕೆಯಿದ್ದರೆ ತೆಗೆದು ದಪ್ಪ ರಬ್ಬರ್ ಹಾಸು ಹಾಸುವುದು ಒಳ್ಳೆಯದು. ಕ್ಯಾಂಪರ್ ಜಾರದಂತೆ ತಡೆಯುವಲ್ಲಿ ರಬ್ಬರ್ ಹಾಸಿನ ಪಾತ್ರ ದೊಡ್ಡದು. ಬೆಡ್‌ನ ಮುಂದಿನ ಗೋಡೆಗೆ ಕ್ಯಾಂಪರ್ ನೇರವಾಗಿ ಬಡಿಯದಂತೆ ಅಡ್ಡಲಾಗಿ ಮರದ ತುಂಡು ಅಥವಾ ರಬ್ಬರ್ ತಡೆ ಇರಿಸುತ್ತಾರೆ.

ಬಳಿಕ ಅಳತೆಪಟ್ಟಿ ಹಿಡಿದು ಮೂರು ಅಳತೆಗಳನ್ನು ತಾಳೆ ನೋಡಬೇಕು. ಒಂದು, ಅಗಲ. ದೊಡ್ಡ ಪಿಕಪ್‌ಗಳ ಬೆಡ್‌ನೊಳಗೆ ಚಕ್ರಗಳ ಮೇಲೆ ಎರಡೂ ಬದಿ ಉಬ್ಬು ಇರುತ್ತದೆ. ಈ ಉಬ್ಬುಗಳ ನಡುವಣ ಅಂತರ ನಾಲ್ಕು ಅಡಿಗಿಂತ ತುಸು ಹೆಚ್ಚು. ಕ್ಯಾಂಪರ್‌ನ ಕೆಳಪೆಟ್ಟಿಗೆ ಈ ಸಂದಿಯಲ್ಲೇ ಹಾದುಹೋಗಬೇಕು. ಎರಡು, ಬೆಡ್‌ನ ಪಕ್ಕದ ಗೋಡೆಗಳ ಎತ್ತರ. ಕ್ಯಾಂಪರ್‌ನ ಮೇಲ್ಭಾಗ ರೆಕ್ಕೆಗಳಂತೆ ಎರಡೂ ಕಡೆ ಈ ಗೋಡೆಗಳ ಮೇಲೆ ಚಾಚಿಕೊಳ್ಳುತ್ತದೆ; ಆದರೆ ಗೋಡೆಗಳ ಮೇಲೆ ಕೂರಬಾರದು. ಮೂರು, ಕ್ಯಾಬಿನ್‌ನ ಚಾವಣಿಗೂ ಅದರ ಮೇಲೆ ಬರುವ ಕ್ಯಾಂಪರ್‌ನ ಮಂಚದ ಭಾಗಕ್ಕೂ ನಡುವಣ ಅಂತರ. ರಸ್ತೆಯ ಕುಲುಕಾಟದಲ್ಲಿ ಇವೆರಡೂ ತಾಗದಂತೆ ಕೆಲವು ಅಂಗುಲ ಜಾಗ ಉಳಿಯಬೇಕು. ಇತ್ತೀಚಿನ ಪಿಕಪ್‌ಗಳ ಪಕ್ಕದ ಗೋಡೆ ಎತ್ತರವಾಗಿರುವುದರಿಂದ ಹಳೆಯ ಕ್ಯಾಂಪರ್‌ಗಳ ಅಡಿಗೆ ಹಲಗೆಯ ವೇದಿಕೆ ಹಾಕಿ ಎತ್ತರಿಸಬೇಕಾದ ಸಂದರ್ಭಗಳೂ ಇವೆ.

ಹಿಮ್ಮುಖ ಚಾಲನೆ ಮತ್ತು ಜೋಡಣೆ

ಕ್ಯಾಂಪರ್‌ನ ನಾಲ್ಕು ಮೂಲೆಗಳಲ್ಲಿ ನಾಲ್ಕು ಜಾಕ್‌ಗಳಿರುತ್ತವೆ. ಕೈಯಿಂದ ತಿರುಗಿಸುವವು, ಹೈಡ್ರಾಲಿಕ್ ಹಾಗೂ ವಿದ್ಯುತ್ ಚಾಲಿತ ಎಂದು ಇವುಗಳಲ್ಲಿ ಬಗೆಗಳುಂಟು. ಯಾವುದೇ ಬಗೆಯಾದರೂ ಒಂದೇ ಮೂಲೆಯನ್ನು ಒಮ್ಮೆಗೇ ಪೂರ್ತಿ ಎತ್ತಕೂಡದು. ನಾಲ್ಕನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗಬೇಕು. ಒಂದು ಕಾಲಿನ ಮೇಲೆ ಭಾರ ಹೆಚ್ಚಾದರೆ ಜಾಕ್ ಬಾಗುವ, ಅದನ್ನು ಕ್ಯಾಂಪರ್‌ಗೆ ಬಿಗಿದಿರುವ ಮೂಲೆಯೇ ಕಿತ್ತುಬರುವ ಅಪಾಯವಿದೆ. ಮುಂಭಾಗ ಹಿಂಭಾಗಕ್ಕಿಂತ ತುಸು ಎತ್ತರದಲ್ಲಿರಲಿ ಎಂಬುದು ಹಲವು ತಯಾರಕರ ಸಲಹೆ. ಎಡ, ಬಲ ಸಮವಾಗಿವೆಯೇ ಎಂದು ತಿಳಿಯಲು ಗಾರೆ ಕೆಲಸದವರು ಬಳಸುವ ರಸಮಟ್ಟ ಸಾಕು. ಕ್ಯಾಂಪರ್‌ನ ತಳ ಬೆಡ್‌ನ ನೆಲಕ್ಕಿಂತ ಒಂದೆರಡು ಅಂಗುಲ ಮೇಲಿದ್ದರೆ ಎತ್ತರ ಸಾಕಾಯಿತು. ಅನಗತ್ಯವಾಗಿ ಎತ್ತರಿಸಿದಷ್ಟೂ ಓಲಾಟ ಹೆಚ್ಚು.

ಈಗ ಜೋಡಣೆಯ ಕೆಲಸ. ಕ್ಯಾಂಪರ್‌ನ ಮುಂದಿನ ಗೋಡೆಯ ನಟ್ಟನಡುವೆ ಒಂದು ಬಣ್ಣದ ಟೇಪ್ ಅಂಟಿಸಿ. ಬೆಡ್‌ನ ಹಿಂಬದಿಯ ಅಂಚಿನ ನಡುವೆಯೂ ಇನ್ನೊಂದು ಟೇಪ್ ಇರಲಿ. ಈ ಎರಡು ಗುರುತುಗಳು ಒಂದೇ ಸಾಲಿನಲ್ಲಿರುವಂತೆ ವಾಹನವನ್ನು ದೂರದಿಂದಲೇ ನೇರಗೊಳಿಸಿಕೊಳ್ಳಬೇಕು. ಕ್ಯಾಂಪರ್‌ನ ಬಾಯಿಗೆ ಬಂದ ಮೇಲೆ ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಹೊರಡುವುದೇ ಬಹುತೇಕ ಅವಘಡಗಳ ಮೂಲ. ಸ್ಟಿಯರಿಂಗ್ ತಿರುಗಿಸಿದಾಗ ಬೆಡ್‌ನ ಹಿಂಭಾಗ ಒಂದು ಕಡೆಗೆ ಹೋದರೆ ಮುಂಭಾಗ ಇನ್ನೊಂದು ಕಡೆಗೆ ತಿರುಗಿ ಜಾಕ್‌ಗೆ ತಾಗಬಹುದು. ಸಾಲು ತಪ್ಪಿದೆ ಎನಿಸಿದರೆ ಪೂರ್ತಿ ಮುಂದಕ್ಕೆ ಹೋಗಿ ಮತ್ತೊಮ್ಮೆ ಬರಬೇಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ; ಅನುಭವಿಗಳೂ ಎರಡು, ಮೂರು ಬಾರಿ ಮುಂದೆ ಹೋಗಿ ಬರುತ್ತಾರೆ.

ನೆರವಿಗೆ ಒಬ್ಬರಿರುವುದು ಅಗತ್ಯ. ಅಮೆರಿಕದ ವಾಹನಗಳಲ್ಲಿ ಸ್ಟಿಯರಿಂಗ್ ಎಡಬದಿಗಿರುವುದರಿಂದ ಸಹಾಯಕ ಎಡಗನ್ನಡಿಯಲ್ಲಿ ಕಾಣುವಂತೆ, ಆದರೆ ಕ್ಯಾಂಪರ್ ಮತ್ತು ವಾಹನದ ನಡುವೆ ಸಿಲುಕದಂತೆ ಪಕ್ಕಕ್ಕೆ ನಿಲ್ಲಬೇಕು. ಊರಿನಲ್ಲಿ ಬಲಗನ್ನಡಿ ನೋಡಿ ಹಿಂದಕ್ಕೆ ಚಲಾಯಿಸಿ ರೂಢಿಯಾದವರು ಈ ವ್ಯತ್ಯಾಸವನ್ನು ನೆನಪಿಡಬೇಕು. ನಿಲ್ಲಿಸು, ಎಡಕ್ಕೆ, ಬಲಕ್ಕೆ ಎಂಬ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳಿತು. ಸಹಾಯಕ ಕನ್ನಡಿಯಿಂದ ಮರೆಯಾದ ಕ್ಷಣವೇ ಬ್ರೇಕ್ ಒತ್ತಬೇಕು ಎಂಬುದು ಕಟ್ಟುನಿಟ್ಟಿನ ನಿಯಮವಾಗಿರಲಿ. ಹಿಂಬದಿಯ ಕ್ಯಾಮೆರಾ ಉಪಯುಕ್ತವಾದರೂ ಅದು ಹಿಂಬಾಗಿಲಲ್ಲೇ ಇರುವ ಮಾದರಿಗಳಲ್ಲಿ ಬಾಗಿಲು ಕಳಚಿದೊಡನೆ ಕ್ಯಾಮೆರಾವೂ ಹೋಗುತ್ತದೆ.

ಕ್ಯಾಂಪರ್‌ನ ಕೆಳಪೆಟ್ಟಿಗೆ ಚಕ್ರದ ಉಬ್ಬುಗಳ ಸಮೀಪ ಬಂದಾಗ ವಾಹನ ನಿಲ್ಲಿಸಿ, ಇಳಿದು, ಎರಡೂ ಬದಿಯ ಸಂದಿಯನ್ನು ಅಳೆಯಬೇಕು. ಎರಡೂ ಸಮವಾಗಿದ್ದರೆ ಮುಂದುವರಿಯಬಹುದು. ಹಿಂದೆ ನಾಲ್ಕು ಟೈರ್‌ಗಳಿರುವ ಪಿಕಪ್‌ಗಳ ಹಿಂಭಾಗ ಅಗಲವಾಗಿರುವುದರಿಂದ ಮುಂದಿನ ಜಾಕ್‌ಗಳನ್ನು ಹೊರಕ್ಕೆ ಚಾಚುವ ವಿಶೇಷ ಕೀಲುಗಳು ಬೇಕಾಗುತ್ತವೆ. ಕ್ಯಾಂಪರ್ ಮುಂದಿನ ತಡೆಗೆ ಮೃದುವಾಗಿ ತಾಗಿದಾಗ ವಾಹನ ನಿಲ್ಲಿಸಿ, ಗೇರ್ ಅನ್ನು ಪಾರ್ಕ್‌ಗೆ ಹಾಕಿ, ಕೈಬ್ರೇಕ್ ಎಳೆದು, ಎಂಜಿನ್ ಆರಿಸಬೇಕು.

ಇಳಿಸುವಾಗಲೂ ನಾಲ್ಕು ಜಾಕ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ತಳ ಬೆಡ್‌ಗೆ ತಾಗುವ ಮೊದಲು ಒಮ್ಮೆ ನಿಂತು ಎಡ, ಬಲ, ಮುಂದಿನ ಅಂತರಗಳನ್ನು ಮತ್ತೊಮ್ಮೆ ನೋಡಬೇಕು. ಕೂತ ಮೇಲೆ ಓರೆಯಾಗಿದೆ ಎಂದು ಕಂಡರೆ ತಳ್ಳಿ ಸರಿಪಡಿಸಲು ಯತ್ನಿಸದೆ, ಮತ್ತೆ ಎತ್ತಿ ವಾಹನವನ್ನೇ ಸರಿಸಬೇಕು. ಭಾರ ಪೂರ್ತಿ ವಾಹನದ ಮೇಲೆ ಬಿದ್ದ ನಂತರ ಜಾಕ್‌ಗಳನ್ನು ಸಂಪೂರ್ಣ ಮೇಲಕ್ಕೆಳೆದು ಭದ್ರಪಡಿಸಬೇಕು.

ಬಿಗಿಯುವ ಕ್ರಮ

ತನ್ನ ಭಾರದಿಂದಲೇ ಕ್ಯಾಂಪರ್ ಕೂತಿರುತ್ತದೆ ಎಂಬ ಭಾವನೆ ತಪ್ಪು. ತೀವ್ರ ಬ್ರೇಕ್, ತಿರುವು, ಅಡ್ಡಗಾಳಿ ಇವೆಲ್ಲವೂ ಅದನ್ನು ಅಲುಗಿಸುತ್ತವೆ. ಆದ್ದರಿಂದ ನಾಲ್ಕು ಮೂಲೆಗಳನ್ನೂ ಸರಪಳಿ ಮತ್ತು ಟರ್ನ್‌ಬಕಲ್‌ಗಳಿಂದ ವಾಹನಕ್ಕೆ ಬಿಗಿಯಬೇಕು. ಈ ಬಿಗಿತದ ಕೊಂಡಿ ಪಿಕಪ್‌ನ ಚಾಸಿಗೆ ಜೋಡಿಸಿದ್ದಾಗಿದ್ದರೆ ಉತ್ತಮ. ಬೆಡ್‌ನ ತಗಡಿಗೆ ಜೋಡಿಸಿದ ಕೊಂಡಿಗಳು ಭಾರೀ ಕ್ಯಾಂಪರ್ ಎಳೆದಾಗ ತಗಡನ್ನೇ ಹರಿಯಬಹುದು. ಫೋರ್ಡ್ ಎಫ್-150 ಪಿಕಪ್ 2015ರ ಮಾದರಿಯಿಂದ ಹಾಗೂ ಅದರ ಭಾರೀ ಸೂಪರ್ ಡ್ಯೂಟಿ ಪಿಕಪ್‌ಗಳು 2017ರ ಮಾದರಿಯಿಂದ ಅಲ್ಯೂಮಿನಿಯಂ ಮೈ ಪಡೆದಿವೆ. ಇಂತಹ ವಾಹನಗಳಲ್ಲಿ ಕೊಂಡಿ ಎಲ್ಲಿ ಜೋಡಿಸಬೇಕೆಂಬುದು ಇನ್ನೂ ಮುಖ್ಯ.

ಬಿಗಿತ ಸಡಿಲವಾಗಿದ್ದರೆ ಕ್ಯಾಂಪರ್ ಅಲುಗುತ್ತದೆ, ಅತಿಯಾದರೆ ಅದರ ಮರದ ಚೌಕಟ್ಟಿಗೆ ಧಕ್ಕೆ. ಸ್ಪ್ರಿಂಗ್ ಇರುವ ಟರ್ನ್‌ಬಕಲ್‌ಗಳಲ್ಲಿ ಎಷ್ಟು ಬಿಗಿಯಬೇಕೆಂಬ ಸೂಚನೆ ತಯಾರಕರ ಕೈಪಿಡಿಯಲ್ಲಿರುತ್ತದೆ. ಬಳಿಕ ವಿದ್ಯುತ್ ತಂತಿಯ ಪ್ಲಗ್ ಜೋಡಿಸಿ, ಬ್ರೇಕ್ ದೀಪ, ಇಂಡಿಕೇಟರ್‌ಗಳು ಕ್ಯಾಂಪರ್‌ನ ಹಿಂಭಾಗದಲ್ಲಿ ಬೆಳಗುತ್ತಿವೆಯೇ ಎಂದು ಪರೀಕ್ಷಿಸಬೇಕು. ಪಿಕಪ್‌ನ ಸ್ವಂತ ದೀಪಗಳನ್ನು ಕ್ಯಾಂಪರ್ ಮರೆಮಾಡಬಹುದಾದ್ದರಿಂದ ಇದು ಔಪಚಾರಿಕ ಕ್ರಮವಲ್ಲ.

ರಸ್ತೆಗಿಳಿದ ಮೇಲೆ

ಹದಿನೈದು, ಇಪ್ಪತ್ತು ಕಿಲೋಮೀಟರ್ ಸಾಗಿದ ನಂತರ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟರ್ನ್‌ಬಕಲ್‌ಗಳನ್ನು ಪುನಃ ನೋಡಬೇಕು. ಆರಂಭದ ಕುಲುಕಾಟಕ್ಕೆ ಕ್ಯಾಂಪರ್ ತುಸು ತಗ್ಗಿ ಕೂರುವುದರಿಂದ ಬಿಗಿತ ಸಡಿಲಗೊಂಡಿರುವುದುಂಟು. ಅನಂತರ ಪ್ರತಿ ನಿಲುಗಡೆಯಲ್ಲೂ ಒಂದು ಸುತ್ತು ಹಾಕಿ ನೋಡುವುದು ಒಳ್ಳೆಯ ರೂಢಿ. ಟೈರ್‌ಗಳಲ್ಲಿ ಹೊರುವ ಭಾರಕ್ಕೆ ತಕ್ಕ ಗಾಳಿ ಇರಬೇಕು. ಇದನ್ನು ಟೈರ್ ತಣ್ಣಗಿರುವಾಗಲೇ ಅಳೆಯಬೇಕು.

ಲೆಕ್ಕ ಎಷ್ಟೇ ಕರಾರುವಾಕ್ಕಾಗಿ ಮಾಡಿದರೂ ಕೊನೆಯ ಮಾತು ವೇಬ್ರಿಡ್ಜ್‌ನದೇ. ಅಮೆರಿಕದ ಹೆದ್ದಾರಿಗಳ ಪಕ್ಕದ ಟ್ರಕ್ ನಿಲ್ದಾಣಗಳಲ್ಲಿ ಸಾರ್ವಜನಿಕ ತೂಕದ ವ್ಯವಸ್ಥೆ ಇರುತ್ತದೆ. 1977ರಲ್ಲಿ ಸ್ಥಾಪನೆಯಾದ, ಅಯೋವಾ ರಾಜ್ಯದ ವಾಲ್ಕಾಟ್‌ನಲ್ಲಿ ನೆಲೆಯಿರುವ ಕ್ಯಾಟ್ ಸ್ಕೇಲ್ ಸಂಸ್ಥೆಯ ತೂಕದ ಹಾಸುಗಳು ಇವುಗಳಲ್ಲಿ ಹೆಸರಾದವು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ತೂಕ ಇಲ್ಲಿ ಪ್ರತ್ಯೇಕವಾಗಿ ತಿಳಿಯುತ್ತದೆ. ನೀರು, ಸಾಮಾನು, ಜನ ಎಲ್ಲವೂ ತುಂಬಿದ ಸ್ಥಿತಿಯಲ್ಲಿ ತೂಗಿಸಿ, ಬಾಗಿಲ ಚೌಕಟ್ಟಿನಲ್ಲಿರುವ ಒಟ್ಟು ತೂಕದ ಮಿತಿ ಹಾಗೂ ಪ್ರತಿ ಆಕ್ಸಲ್‌ನ ಮಿತಿಗಳೊಡನೆ ಹೋಲಿಸಬೇಕು. ಮೀರಿದ್ದರೆ ಮೊದಲು ನೀರು ಕಡಿಮೆ ಮಾಡಿ, ತಂಗುವ ತಾಣದಲ್ಲಿ ತುಂಬಿಸಿಕೊಳ್ಳಬಹುದು. ಅದರಿಂದಲೂ ಸರಿಹೋಗದಿದ್ದರೆ ಆ ಕ್ಯಾಂಪರ್ ಆ ವಾಹನಕ್ಕೆ ಸಲ್ಲದು ಎಂದೇ ತಿಳಿಯಬೇಕು.

ಎತ್ತರದ ವಿಷಯವೂ ಗಮನಾರ್ಹ. ಕ್ಯಾಂಪರ್ ಏರಿಸಿದ ಪಿಕಪ್ ನೆಲದಿಂದ 11ರಿಂದ 13 ಅಡಿಯವರೆಗೂ ಎತ್ತರವಿರಬಹುದು. ಉತ್ತರ ಕೆರೊಲಿನಾದ ಡರ್ಹಮ್ ನಗರದಲ್ಲಿ 11 ಅಡಿ 8 ಅಂಗುಲ ಎತ್ತರದ ರೈಲ್ವೆ ಸೇತುವೆಯೊಂದು ಅದರಡಿ ಸಿಕ್ಕಿಕೊಂಡ ವಾಹನಗಳಿಂದಲೇ ಪ್ರಸಿದ್ಧವಾಗಿತ್ತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದ ಮೇಲೂ ಡಿಕ್ಕಿಗಳು ನಿಲ್ಲಲಿಲ್ಲ. ಚಾವಣಿಯ ಮೇಲಿನ ಹವಾನಿಯಂತ್ರಕವನ್ನೂ ಸೇರಿಸಿ ಎತ್ತರ ಅಳೆದು, ಚಾಲಕನ ಕಣ್ಣಿಗೆ ಬೀಳುವಂತೆ ಬರೆದು ಅಂಟಿಸುವುದು ಸುಲಭದ ಪರಿಹಾರ.

ಇಳಿಸುವಾಗ

ಕ್ಯಾಂಪರ್ ಇಳಿಸುವುದು ಇದೇ ಕ್ರಮದ ತಿರುಗುಮುರುಗು. ಜಾಕ್ ಮುಟ್ಟುವ ಮೊದಲು ವಿದ್ಯುತ್ ಪ್ಲಗ್ ಕಳಚಿ, ನಾಲ್ಕೂ ಟರ್ನ್‌ಬಕಲ್‌ಗಳನ್ನು ಬಿಚ್ಚಬೇಕು. ದೀರ್ಘ ಪ್ರಯಾಣದ ದಣಿವಿನಲ್ಲಿ ಇವೆರಡರಲ್ಲಿ ಒಂದನ್ನು ಮರೆಯುವುದು ಸುಲಭ. ಪ್ಲಗ್ ಮರೆತರೆ ತಂತಿ ಕಿತ್ತುಹೋದೀತು. ಒಂದೇ ಒಂದು ಸರಪಳಿ ಉಳಿದಿದ್ದು ವಾಹನ ಮುಂದೆ ಚಲಿಸಿದರೆ ಕ್ಯಾಂಪರ್ ಜಾಕ್‌ಗಳ ಮೇಲಿಂದಲೇ ಉರುಳಿಬೀಳುತ್ತದೆ. ಜಾಕ್‌ಗಳಿಂದ ಎತ್ತಿ, ಬೆಡ್‌ಗೂ ಕ್ಯಾಂಪರ್‌ನ ತಳಕ್ಕೂ ನಡುವೆ ಎಲ್ಲ ಕಡೆ ಬೆಳಕು ಕಾಣುತ್ತಿದೆಯೇ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ವಾಹನವನ್ನು ನೇರವಾಗಿ, ನಿಧಾನವಾಗಿ ಮುಂದಕ್ಕೆ ತರಬೇಕು. ಆ ಬಳಿಕ ಕ್ಯಾಂಪರ್ ಅನ್ನು ಎತ್ತರದಲ್ಲೇ ಬಿಡದೆ ಸಾಧ್ಯವಾದಷ್ಟು ತಗ್ಗಿಸಿ ನಿಲ್ಲಿಸಬೇಕು.

ಏರಿಸುವ ಮತ್ತು ಇಳಿಸುವ ಹಂತಗಳನ್ನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು ಕ್ಯಾಂಪರ್‌ನ ಬಾಗಿಲ ಒಳಬದಿಗೆ ಅಂಟಿಸಿಕೊಂಡು, ಪ್ರತಿ ಬಾರಿಯೂ ಅದನ್ನು ನೋಡಿಯೇ ಕೆಲಸ ಮಾಡುವುದು ಉತ್ತಮ. ಮೊದಲ ಬಾರಿಗೆ ಏರಿಸುವವರು ಪ್ರವಾಸದ ದಿನ ಬೆಳಗ್ಗೆ ಆತುರದಲ್ಲಿ ಈ ಕೆಲಸಕ್ಕೆ ತೊಡಗದೆ, ಒಂದು ವಾರ ಮುಂಚಿತವಾಗಿ ಹಗಲು ಬೆಳಕಿನಲ್ಲಿ ಎರಡು, ಮೂರು ಬಾರಿ ಏರಿಸಿ ಇಳಿಸಿ ಅಭ್ಯಾಸ ಮಾಡಿಕೊಳ್ಳಬೇಕು. ತೂಕದ ಲೆಕ್ಕವೂ ಆ ವಾರದಲ್ಲೇ ಮುಗಿದಿದ್ದರೆ, ಏನನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ತೀರ್ಮಾನಿಸಲು ಸಮಯ ಉಳಿದಿರುತ್ತದೆ.